ಮೆದುಳಿನ ಹಲಗೆಗೆ ನೀರು ತಿರುವಿದ ಅವ್ವ

ಎಪ್ಪತ್ತರ ದಶಕದ ನಡುವೆ, ವಿಜಯಪುರವನ್ನು ನಾವೆಲ್ಲ ವಿಜಾಪುರವೆಂದೇ ಕರೆಯುತ್ತಿದ್ದ ದಿನಗಳಲ್ಲಿ, ನಾನು ಅಲ್ಲಿನ ಒಂದು ಮಹಿಳಾ ಕಾಲೇಜಿನ ಜೀವಶಾಸ್ತ್ರ ಪ್ರಯೋಗಾಲಯದಲ್ಲಿ ತಾತ್ಕಾಲಿಕ ನೌಕರಿಯಲ್ಲಿದ್ದೆ. ಕಪ್ಪೆಯನ್ನು ಮೇಣದ ತಟ್ಟೆಯ ಮೇಲೆ ಗುಂಡುಸೂಜಿಯಿಂದ ಹರಡಿ ಕೊಡುವುದು, ಸೂಕ್ಷ್ಮದರ್ಶಕಗಳನ್ನು ಒರೆಸಿ ಪೆಟ್ಟಿಗೆಯಲ್ಲಿಡುವುದು, ವಿದ್ಯಾರ್ಥಿನಿಯರ ಚಿತ್ರಪುಸ್ತಕಗಳನ್ನು ತಿದ್ದುವುದು ನನ್ನ ಕೆಲಸವಾಗಿತ್ತು. ಒಂದು ವರ್ಷ ಹೀಗೆ ಕಳೆದ ಮೇಲೆ ಅದೇ ವಿಭಾಗದಲ್ಲಿ ಪಾಠ ಹೇಳುವ ಖಾಯಂ ಹುದ್ದೆಯೊಂದು ತೆರವಾಯಿತು. ಅರ್ಜಿ ಹಾಕಲು ಪ್ರಾಂಶುಪಾಲರೇ ಸೂಚಿಸಿದರು. ಹುದ್ದೆ ಸಿಕ್ಕರೆ ನಾನು ನಗರದಲ್ಲಿ ಉಳಿಯಬಹುದಾಗಿತ್ತು. ಸಿಗದಿದ್ದರೆ ನಮ್ಮೂರು ಬಬಲೇಶ್ವರಕ್ಕೆ ಮರಳಬೇಕಾಗಿತ್ತು, ಏಕೆಂದರೆ ಅಪ್ಪ ನನ್ನ ಮದುವೆಯ ಬಗ್ಗೆ ವಿಚಾರಿಸುತ್ತಿದ್ದ ಬೀಗರಿಗೆಲ್ಲ ‘ಇನ್ನೊಂದು ವರ್ಷ ತಡೀರಿ’ ಎಂದು ಹೇಳಿ ಆ ವರ್ಷವೂ ಮುಗಿಯುತ್ತ ಬಂದಿತ್ತು.

ಅರ್ಜಿಯ ನಮೂನೆಯನ್ನು ನಾನು ಮೊದಲು ಸೀಸದಕಡ್ಡಿಯಿಂದ ತುಂಬಿ, ಎರಡು ಸಲ ಓದಿ, ಆಮೇಲೆ ಶಾಯಿಯಿಂದ ಬರೆದೆ. ಅದರಲ್ಲಿ ತಂದೆತಾಯಿಗಳ ವಿದ್ಯಾಭ್ಯಾಸ ಹಾಗೂ ಉದ್ಯೋಗ ಎಂಬ ಎರಡು ಅಂಕಣಗಳಿದ್ದವು. ವಿದ್ಯಾಭ್ಯಾಸದ ಕಡೆ ಇಬ್ಬರ ಹೆಸರಿನ ಮುಂದೆಯೂ ‘ಇಲ್ಲ’ ಎಂದು ಬರೆದೆ. ಉದ್ಯೋಗದ ಕಡೆ ಅಪ್ಪನ ಮುಂದೆ ‘ಒಕ್ಕಲುತನ’ ಎಂದೂ ಅವ್ವನ ಮುಂದೆ ‘ಮನೆಗೆಲಸ’ ಎಂದೂ ಬರೆದೆ. ಹೆಂಗಸರ ಹೆಸರಿನ ಮುಂದೆ ಎಲ್ಲರೂ ಹಾಗೆಯೇ ಬರೆಯುತ್ತಿದ್ದರು. ಬೇರೆ ಏನಾದರೂ ಬರೆದರೆ ತಪ್ಪಾದೀತೆಂಬ ಭಯ ನನಗಿತ್ತು.

ಆಯ್ಕೆಗೆ ಮೂವರ ಸಮಿತಿಯ ಮುಂದೆ ಒಂದು ಮಾದರಿ ಪಾಠ ಮಾಡಬೇಕಿತ್ತು. ವಿಷಯವನ್ನು ಅವರೇ ಕೊಟ್ಟರು: ದುಡಿಯುವ ಮೆದುಳಿಗೆ ರಕ್ತ ಒದಗುವ ಬಗೆ. ಪಾಠ ಕನ್ನಡದಲ್ಲಿರಬೇಕು, ಸಾಧ್ಯವಾದರೆ ಸ್ವತಃ ತಯಾರಿಸಿದ ಉಪಕರಣವಿರಬೇಕು ಎಂಬ ಸೂಚನೆಯೂ ಬಂತು.

ವಿಷಯ ನನಗೆ ಹಿಡಿಸಿತು. ಮೆದುಳು ತನ್ನಲ್ಲಿ ಹೆಚ್ಚೇನನ್ನೂ ಕೂಡಿಟ್ಟುಕೊಳ್ಳುವ ಅಂಗವಲ್ಲ. ಅದಕ್ಕೆ ಬೇಕಾದ ಸಕ್ಕರೆಯೂ ಆಮ್ಲಜನಕವೂ ರಕ್ತದೊಡನೆ ಕ್ಷಣಕ್ಷಣಕ್ಕೂ ಬರುತ್ತಲೇ ಇರಬೇಕು. ಆದರೆ ತಲೆಬುರುಡೆ ಗಟ್ಟಿಯಾದ ಪೆಟ್ಟಿಗೆ. ಎಲ್ಲ ಭಾಗಗಳಿಗೂ ಒಮ್ಮೆಗೇ ಹೆಚ್ಚು ರಕ್ತ ಸುರಿಯಲು ಅಲ್ಲಿ ಎಡೆಯಿಲ್ಲ. ಆದ್ದರಿಂದ ಯಾವ ಭಾಗ ಆ ಹೊತ್ತಿಗೆ ದುಡಿಯುತ್ತಿದೆಯೋ ಅಲ್ಲಿನ ಸಣ್ಣ ರಕ್ತನಾಳಗಳು ತುಸು ಹಿಗ್ಗಿ ಅಲ್ಲಿಗೆ ಹೆಚ್ಚು ರಕ್ತ ಹರಿಯುತ್ತದೆ. ನಾವು ಓದುವಾಗ ಕಣ್ಣಿನ ಕಾಣ್ಕೆಯನ್ನು ಗ್ರಹಿಸುವ ಭಾಗಕ್ಕೆ, ಮುಷ್ಟಿ ಬಿಗಿಯುವಾಗ ಕೈಯನ್ನು ಆಡಿಸುವ ಭಾಗಕ್ಕೆ. ಇದಿಷ್ಟನ್ನು ಹನ್ನೊಂದು ಪುಟ ಬರೆದೆ. ಒಂದು ಪದದ ಮೇಲೆ ಸಂಶಯ ಬಂದರೂ ನಿಘಂಟು ತೆರೆದೆ. ಆ ಪುಟಗಳ ಆರಂಭದಲ್ಲಿ, ನನಗೆ ಬಹಳ ಗಂಭೀರವೆನಿಸಿದ ಒಂದು ವಾಕ್ಯವಿತ್ತು: ‘ಮೆದುಳಿನ ಉನ್ನತ ಕೇಂದ್ರವು ಅಗತ್ಯವನ್ನು ಅರಿತು, ಆಯಾ ಭಾಗದ ರಕ್ತನಾಳಗಳಿಗೆ ಹಿಗ್ಗುವಂತೆ ಆಜ್ಞೆಯನ್ನು ನೀಡುತ್ತದೆ.’ ಈ ವಾಕ್ಯ ಯಾವ ಪುಸ್ತಕದಲ್ಲಿಯೂ ಇರಲಿಲ್ಲ. ಅದನ್ನು ನಾನೇ ಕಟ್ಟಿದ್ದೆ. ಆಜ್ಞೆ ಎಂಬುದು ಮೇಲಿನಿಂದಲೇ ಬರುತ್ತದೆ ಎಂಬುದರಲ್ಲಿ ಆ ವಯಸ್ಸಿನ ನನಗೆ ಸಂಶಯವೇ ಇರಲಿಲ್ಲ.

ನಾನು ಆಗ ಸೊಲ್ಲಾಪುರ ರಸ್ತೆಯ ಹತ್ತಿರ ಸೋದರಮಾವನ ಮನೆಯಲ್ಲಿದ್ದೆ. ಮಾವ ಅವ್ವನ ತಮ್ಮ. ತಿಕೋಟಾದ ತೋಟದ ಕೆಲಸ ಬಿಟ್ಟು ಬಂದು ಆ ರಸ್ತೆಯಲ್ಲಿ ಸೈಕಲ್ ರಿಪೇರಿಯ ಅಂಗಡಿ ಇಟ್ಟಿದ್ದ. ಸೈಕಲ್ ಟ್ಯೂಬಿನ ವಾಲ್ವಿಗೆ ಹಾಕುವ ಸಣ್ಣ ರಬ್ಬರ್ ನಳಿಕೆಯನ್ನು ನಾನು ಮಾರುಗಟ್ಟಲೆ ಕೇಳಿದಾಗ ಅವನು ಕಾರಣ ವಿಚಾರಿಸಿದ. ಹೇಳಿದೆ. ಕೈಗೆ ಹತ್ತಿದ ಗ್ರೀಸನ್ನು ಅರಿವೆಗೆ ಒರೆಸಿಕೊಳ್ಳುತ್ತ ಅವನು ಗಂಭೀರವಾಗಿಯೇ ಅಂದ:

“ಟೂಬಿನ್ಯಾಗ ಗಾಳಿ ನಿಲ್ಲಸೂದು ನನ್ನ ಕೆಲಸ, ತಲ್ಯಾಗ ರಕ್ತ ಹರಸೂದು ನಿಂದು. ಇಬ್ಬರದೂ ಒಂದ ದಂಧಾ ಆತಲ್ಲವಾ ಮಗಳ. ನಿನ್ನ ಪಾಠದ ಹಲಗಿ ಮ್ಯಾಲ ನನ್ನ ಹೆಸರೂ ಬರಿ.”

ಉಪಕರಣ ಹೀಗಿತ್ತು. ಮೊಣಕೈಯುದ್ದದ ಒಂದು ಹಲಗೆಯ ಮೇಲೆ ಮೆದುಳಿನ ಚಿತ್ರ ಬರೆದು ಅದನ್ನು ಗೋಡೆಗೆ ಒರಗಿಸಿದ್ದೆ. ಮೇಲ್ತುದಿಯಲ್ಲಿ ತಲೆಕೆಳಗಾಗಿ ಕಟ್ಟಿದ ಗಾಜಿನ ಶೀಶೆ, ಅದರಲ್ಲಿ ಕೆಂಪು ಶಾಯಿ ಬೆರೆಸಿದ ನೀರು. ಶೀಶೆಯಿಂದ ಒಂದು ದಪ್ಪ ನಳಿಕೆ ಇಳಿದು ನಾಲ್ಕು ತೆಳು ನಳಿಕೆಗಳಾಗಿ ಒಡೆದು, ಚಿತ್ರದಲ್ಲಿನ ನಾಲ್ಕು ಭಾಗಗಳಲ್ಲಿ ಕಟ್ಟಿದ ನಾಲ್ಕು ಗಾಜಿನ ಬಟ್ಟಲುಗಳಿಗೆ ಹೋಗುತ್ತಿತ್ತು: ನೋಟ, ಕೇಳುವಿಕೆ, ಕೈ, ಮಾತು. ನಾಲ್ಕು ನಳಿಕೆಗಳನ್ನು ಬಿಗಿಹಿಡಿಯುವ, ಒತ್ತಿದರೆ ಸಡಿಲಾಗುವ ಪ್ರಯೋಗಾಲಯದ ಚಿಮಟಗಳನ್ನು ಮೇಲೆ, ಶೀಶೆಯ ಕೊರಳ ಹತ್ತಿರ, ಒಂದೇ ಸಾಲಿನಲ್ಲಿ ಹಾಕಿದ್ದೆ. ನೋಡಲು ಅದು ಬಹಳ ಶಿಸ್ತಾಗಿತ್ತು.

ಆ ಕಲ್ಪನೆ ಎಲ್ಲಿಂದ ಬಂದಿತ್ತು ಎಂಬುದನ್ನು ಇಲ್ಲಿ ಹೇಳಬೇಕು. ನಗರಕ್ಕೆ ಭೂತನಾಳ ಕೆರೆಯ ನೀರು ಬರುತ್ತಿತ್ತು. ನಮ್ಮ ಓಣಿಯ ಮೂಲೆಯಲ್ಲಿ ನೆಲದೊಳಗೆ ಒಂದು ಕವಾಟವಿತ್ತು. ಉದ್ದನೆಯ ಕಬ್ಬಿಣದ ಚಾವಿ ಹೆಗಲ ಮೇಲಿಟ್ಟುಕೊಂಡು ಬರುವ ನೌಕರ ಅದನ್ನು ತಿರುಗಿಸಿದಾಗ ಓಣಿಯ ನಳಗಳಿಗೆಲ್ಲ ನೀರು. ಅವನು ಮುಚ್ಚಿದಾಗ ಇಲ್ಲ. ಯಾರ ಮನೆಯಲ್ಲಿ ಬಾಣಂತಿಯಿದ್ದಾಳೆ, ಯಾರ ಮನೆಗೆ ಬೀಗರು ಬಂದಿದ್ದಾರೆ ಎಂಬುದು ಅವನಿಗೆ ತಿಳಿಯುವ ಬಗೆಯಿರಲಿಲ್ಲ. ಹಳ್ಳಿಯಿಂದ ಬಂದ ನನಗೆ ಆ ಚಾವಿಯೇ ವಿಜ್ಞಾನವೆಂದು ತೋರಿತ್ತು. ನನ್ನ ಹಲಗೆಯ ಮೇಲೆ ನಾನು ಕಟ್ಟಿದ್ದು ಅದನ್ನೇ.

ಪಾಠಕ್ಕೆ ಎರಡು ದಿನ ಉಳಿದಾಗ ಅವ್ವ ಬಬಲೇಶ್ವರದ ಬಸ್ಸಿಗೆ ಬಂದಳು. ಒಂದು ಚೀಲ ಬದನೆಕಾಯಿ, ಎರಡು ಸಿವುಡು ಮೆಂತ್ಯೆಪಲ್ಯ, ನನಗಾಗಿ ಸಜ್ಜೆಯ ರೊಟ್ಟಿ. ಊಟ ಮುಗಿಸಿ ಹಿತ್ತಲಿನಲ್ಲಿ ಕುಳಿತಾಗ, ನಾನು ಏನು ಮಾಡುತ್ತಿದ್ದೇನೆಂದು ತೋರಿಸಲು ಕೇಳಿದಳು. ಅವಳಿಗೆ ಅರ್ಥವಾಗಲಿಕ್ಕಿಲ್ಲ ಎಂದುಕೊಂಡೇ, ಆದರೆ ಪಾಠದ ಅಭ್ಯಾಸವಾಗುತ್ತದೆಂದು, ನಾನು ಎದ್ದು ನಿಂತು ಗ್ರಂಥಭಾಷೆಯಲ್ಲಿಯೇ ಆರಂಭಿಸಿದೆ. ಈಗ ಕಣ್ಣು ಓದುತ್ತಿದೆ ಎಂದು ಹೇಳಿ ಮೊದಲನೆಯ ಚಿಮಟವನ್ನು ಸಡಿಲಿಸಿದೆ. ಖಾಲಿಯಿದ್ದ ತೆಳು ನಳಿಕೆಯಲ್ಲಿ ಕೆಂಪು ನೀರು ಗಾಳಿಗುಳ್ಳೆಗಳ ನಡುವೆ ತಡವರಿಸುತ್ತ ಇಳಿಯಿತು. ಬಟ್ಟಲಿಗೆ ಮೊದಲ ಹನಿ ಬೀಳುವಷ್ಟರಲ್ಲಿ ನಾನು ಕೇಳುವಿಕೆಗೆ ಹೋಗಿದ್ದೆ. ಚಿಮಟ ಮುಚ್ಚಿದ ಮೇಲೂ ನಳಿಕೆಯಲ್ಲಿ ಉಳಿದ ನೀರು ಹಳೆಯ ಬಟ್ಟಲಿಗೇ ಸೋರುತ್ತಿತ್ತು. ಒಟ್ಟಿನಲ್ಲಿ ಕಣ್ಣು ಓದಿ ಮುಗಿಸಿದ ಮೇಲೆ ಕಣ್ಣಿಗೆ ರಕ್ತ ಬರುತ್ತಿತ್ತು.

ಅವ್ವ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಕೇಳಿದಳು:

“ಮ್ಯಾಲ ಕುಂತು ಚಿಮಟಾ ಬಿಚ್ಚಾವ್ರು ಯಾರಬೇ?”

ಮೆದುಳಿನ ಮೇಲಿನ ಕೇಂದ್ರ ಎಂದೆ.

“ಹಂಗಾರ ಕೆಳಗಿನ ಮಡಿಗಿ ನೀರು ಬೇಕಾಗೈತಿ ಅಂತ ಅದಕ್ಕ ಹೆಂಗ ತಿಳೀತು? ಬಾವಿ ಮ್ಯಾಲ ಕುಂತ ನಿಮ್ಮಪ್ಪಗ ಬದ್ನಿ ಮಡಿ ಒಣಗಿದ್ದು ಎಂದಾರ ತಿಳದೈತೇನು?”

ನನಗೆ ಸ್ವಲ್ಪ ಸಿಟ್ಟೇ ಬಂತು. ಹದಿನೈದು ವರ್ಷ ಶಾಲೆ ಕಾಲೇಜು ಓದಿ ಕಟ್ಟಿದ ಮೆದುಳನ್ನು ಅವಳು ಬದನೆಯ ಮಡಿಯೆಂದು ಕರೆದಿದ್ದಳು.

ನಮ್ಮ ತೋಟದ ಪದ್ಧತಿಯನ್ನು ತಿಳಿಯದವರಿಗಾಗಿ ಎರಡು ಮಾತು ಹೇಳುತ್ತೇನೆ. ಬಬಲೇಶ್ವರದಲ್ಲಿ ನಮ್ಮದು ಒಂದು ಬಾವಿ, ಅದರ ಮೇಲೆ ಡೀಸೆಲ್ ಎಂಜಿನ್. ಅಪ್ಪ ಎಂಜಿನ್ನಿನ ಹತ್ತಿರ ಇರುತ್ತಿದ್ದ. ಕಾಲುವೆ ತುಂಬಿ ಹರಿಯುವಂತೆ ನೋಡಿಕೊಳ್ಳುವುದು ಅವನ ಕೆಲಸ. ಅಲ್ಲಿಗೆ ಅವನ ಅಧಿಕಾರ ಮುಗಿಯುತ್ತಿತ್ತು. ಆ ಕಾಲುವೆಯ ಎರಡೂ ಬದಿಗೆ ಸಣ್ಣ ಬದುಗಳಿಂದ ಬೇರೆಯಾದ ಮಡಿಗಳು: ಬದನೆ, ಮೆಣಸಿನಕಾಯಿ, ಉಳ್ಳಾಗಡ್ಡಿ. ಅಲ್ಲಿ ಸಲಿಕೆ ಹಿಡಿದು ಬರಿಗಾಲಿನಲ್ಲಿ ನಿಲ್ಲುವವಳು ಅವ್ವ. ಮಣ್ಣು ಎಷ್ಟು ಹಸಿಯಿದೆ ಎಂಬುದು ಅವಳ ಅಂಗಾಲಿಗೆ ತಿಳಿಯುತ್ತಿತ್ತು. ಯಾವ ಮಡಿಗೆ ಬೇಕೋ ಅದರ ಬಾಯಿಯ ಮಣ್ಣನ್ನು ಒಂದೇ ಏಟಿಗೆ ಎತ್ತಿ, ಅದೇ ಮಣ್ಣಿನಿಂದ ತುಂಬಿದ ಮಡಿಯ ಬಾಯಿ ಮುಚ್ಚುತ್ತಿದ್ದಳು. ಕಾಲುವೆಯಲ್ಲಿ ನೀರು ಆಗಲೇ ನಿಂತಿರುತ್ತಿದ್ದುದರಿಂದ ಬಾಯಿ ತೆರೆದ ಕ್ಷಣವೇ ಅದು ಒಳಗೆ ನುಗ್ಗುತ್ತಿತ್ತು. ಇದನ್ನು ಅವಳು ಕಲಿತದ್ದು ತವರಿನಲ್ಲಿ, ತಿಕೋಟಾದ ತೋಟದಲ್ಲಿ, ತನ್ನ ತಾಯಿಯ ಹಿಂದೆ ನಡೆದು. ಚಿಕ್ಕವಳಿದ್ದಾಗ ನಾನೂ ಅವಳ ಹಿಂದೆ ನಡೆಯುತ್ತಿದ್ದೆ. ಒಮ್ಮೆ, ಎಲೆ ಜೋತು ಬಿದ್ದಿರುವ ಮಡಿಗೇ ಮೊದಲು ನೀರು ಬಿಡಬೇಕಲ್ಲವೇ ಎಂದು ಕೇಳಿದ್ದಕ್ಕೆ ಅವಳು, ಎಲೆ ಜೋತು ಬೀಳುವವರೆಗೆ ನಿಂತು ನೋಡುವವಳು ನೀರು ತಿರುವುವವಳೇ ಅಲ್ಲ ಎಂದಿದ್ದಳು. ಬಾಡಿದ ಮೇಲೆ ಬಿಟ್ಟ ನೀರು ಔಷಧ, ಊಟವಲ್ಲ ಎಂದಿದ್ದಳು.

ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಅದನ್ನು ಜ್ಞಾನವೆಂದು ನಾನು ಎಣಿಸಿರಲಿಲ್ಲ. ಹುಟ್ಟಿನಿಂದ ನೋಡಿದ ಹೊಲವನ್ನು ಬಿಟ್ಟು, ಒಂದು ವರ್ಷ ನೋಡಿದ ಓಣಿಯ ನಳವನ್ನು ಆರಿಸಿಕೊಂಡಿದ್ದೆ.

ಅಷ್ಟರಲ್ಲಿ ಅವ್ವ ತಾನೇ ಎದ್ದು ಹಲಗೆಯ ಹತ್ತಿರ ಬಂದಳು. ಮುಟ್ಟಬಹುದೇ ಎಂದು ಮಾತ್ರ ಕೇಳಿದಳು. ನಾಲ್ಕು ಚಿಮಟಗಳನ್ನೂ ಶೀಶೆಯ ಕೊರಳಿನಿಂದ ತೆಗೆದು, ಒಂದೊಂದನ್ನೂ ಅದರದರ ಬಟ್ಟಲಿನ ಹತ್ತಿರಕ್ಕೆ ತಂದು, ನಳಿಕೆಯ ತುದಿಯಲ್ಲಿ ಹಾಕಿದಳು. ಬೆರಳಿನಿಂದ ನಳಿಕೆಗಳನ್ನು ತಟ್ಟಿ ಗಾಳಿಗುಳ್ಳೆಗಳನ್ನು ಓಡಿಸಿದಳು. ಈಗ ನಾಲ್ಕು ನಳಿಕೆಗಳಲ್ಲೂ ಕೆಂಪು ನೀರು ತುದಿಯವರೆಗೆ ತುಂಬಿ ಕಾಯುತ್ತ ನಿಂತಿತು. ಕಣ್ಣಿನ ಬಟ್ಟಲಿನ ಚಿಮಟವನ್ನು ಎರಡು ಬೆರಳಿನಿಂದ ಒತ್ತಿದಳು. ನೀರು ಆ ಕ್ಷಣವೇ ಬಿತ್ತು. ಬಿಟ್ಟಾಗ ಆ ಕ್ಷಣವೇ ನಿಂತಿತು.

“ನೀರು ತಿರವಾವ್ರು ಮಡಿ ಬಾಯಾಗ ಇರಬೇಕ ಯವ್ವಾ,” ಎಂದಳು. “ಬಾವಿ ಕಡೆ ಕುಂತ್ರ ಬರೇ ಎಂಜಿನ್ ಸಪ್ಪಳ ಕೇಳತೈತಿ.”

ಅಂಗಡಿಯಿಂದ ಊಟಕ್ಕೆ ಬಂದು ಬಾಗಿಲಲ್ಲಿ ನಿಂತಿದ್ದ ಮಾವ, ಹಲಗೆಯ ಮೇಲಿಂದ ತನ್ನ ಹೆಸರು ಅಳಿಸಿ ಅಕ್ಕನದು ಬರೆಯಲು ಹೇಳಿ ಒಳಗೆ ಹೋದ.

ನಾನು ಪಠ್ಯಪುಸ್ತಕವನ್ನು ಮತ್ತೆ ತೆರೆದೆ. ಮೊದಲು ಕಣ್ಣಾಡಿಸಿ ಬಿಟ್ಟಿದ್ದ ಒಂದು ಸಣ್ಣ ಅಕ್ಷರದ ಟಿಪ್ಪಣಿ ಈಗ ಕಾಣಿಸಿತು. ದುಡಿಯುವ ಜೀವಕೋಶಗಳಿಂದ ಹೊರಬರುವ ಇಂಗಾಲಾಮ್ಲ ಮುಂತಾದ ವಸ್ತುಗಳು ಅವುಗಳ ಸಮೀಪದ ಸಣ್ಣ ನಾಳಗಳ ಸ್ನಾಯುವನ್ನು ಸಡಿಲಿಸುತ್ತವೆ, ನಾಳ ಹಿಗ್ಗುತ್ತದೆ ಎಂದು ಅಲ್ಲಿ ಬರೆದಿತ್ತು. ಎಂದರೆ ಬಾಯಿ ತೆರೆಯುವವರು ಅಲ್ಲಿಯೇ, ಆ ಮಡಿಯಲ್ಲಿಯೇ ಇದ್ದರು. ಹೃದಯದ ಕೆಲಸ ಕಾಲುವೆ ತುಂಬಿಸುವುದು. ಆ ಸಂಜೆಯೇ ಕುಳಿತು ಹನ್ನೊಂದು ಪುಟಗಳನ್ನೂ ಹೊಸದಾಗಿ ಬರೆದೆ. ಆದರೆ ಹೊಲ, ಮಡಿ, ಸಲಿಕೆ ಎಂಬ ಒಂದು ಪದವನ್ನೂ ಅದರಲ್ಲಿ ಬರಗೊಡಲಿಲ್ಲ. ಸಮಿತಿಯ ಮುಂದೆ ಅಂಥ ಮಾತು ಆಡುವುದು ಸರಿಯಲ್ಲವೆಂದು ನನಗೆ ತೋರಿತ್ತು.

ಪಾಠದ ದಿನ ಅವ್ವ ನನ್ನೊಡನೆ ಕಾಲೇಜಿಗೆ ಬಂದಳು. ಹಲಗೆಯನ್ನು ಹಳೆಯ ಸೀರೆಯಲ್ಲಿ ಸುತ್ತಿ ಮಗುವಿನಂತೆ ಹಿಡಿದುಕೊಂಡು ಬಂದವಳು ಅವಳೇ. ಅದನ್ನು ನನ್ನ ಕೈಗಿತ್ತು ಅಂಗಳದ ಬೇವಿನ ಮರದ ಕಟ್ಟೆಯ ಮೇಲೆ ಕುಳಿತಳು.

ಒಳಗೆ ಪ್ರಾಂಶುಪಾಲರು, ಆಡಳಿತ ಮಂಡಳಿಯ ಒಬ್ಬ ಸದಸ್ಯರು, ಮತ್ತು ಹೊರಗಿನಿಂದ ಕರೆಸಿದ್ದ ಒಬ್ಬ ವೃದ್ಧ ವೈದ್ಯರು. ದೇಹಕ್ರಿಯಾ ಶಾಸ್ತ್ರವನ್ನು ಬಹುಕಾಲ ಬೋಧಿಸಿ ನಿವೃತ್ತರಾದವರೆಂದು ಅವರನ್ನು ಪರಿಚಯಿಸಿದರು. ಇಪ್ಪತ್ತು ವಿದ್ಯಾರ್ಥಿನಿಯರು ಬೆಂಚುಗಳಲ್ಲಿದ್ದರು. ನಾನು ನಮಸ್ಕರಿಸಿ ಆರಂಭಿಸಿದೆ. ಮತ್ತು ಆರಂಭದಲ್ಲಿಯೇ ನನ್ನ ಬಾಯಿಯಿಂದ ಬಂದದ್ದು ಆ ಹಳೆಯ ವಾಕ್ಯ. ಎರಡು ವಾರ ಹಗಲಿರುಳು ಬಾಯಿಪಾಠ ಮಾಡಿದ್ದ ವಾಕ್ಯ ಅದು; ಹೊಸ ಪುಟಗಳು ಕೈಯಲ್ಲಿದ್ದರೂ ನಾಲಗೆ ಅದನ್ನೇ ನುಡಿಯಿತು. ‘...ಹಿಗ್ಗುವಂತೆ ಆಜ್ಞೆಯನ್ನು ನೀಡುತ್ತದೆ’ ಎಂದು ಮುಗಿಸಿದ್ದು ನನಗೆ ಗೊತ್ತಾಗಲೂ ಇಲ್ಲ. ನಾನು ಹಲಗೆಯತ್ತ ತಿರುಗಿ, ಕಣ್ಣಿನ ಬಟ್ಟಲಿನ ಹತ್ತಿರ ಬಗ್ಗಿ ಚಿಮಟವನ್ನು ಒತ್ತಿದೆ. ಕೆಂಪು ನೀರು ಬಿತ್ತು. ವಿದ್ಯಾರ್ಥಿನಿಯರು ಮುಂದಕ್ಕೆ ಬಾಗಿ ನೋಡಿದರು.

ವೈದ್ಯರು ಕೈ ಎತ್ತಿ ನಿಲ್ಲಿಸಿದರು. ಅವರ ಧ್ವನಿ ಮೆತ್ತಗಿತ್ತು.

“ತಂಗಿ, ಅಪ್ಪಣಿ ಮ್ಯಾಲಿಂದ ಬರತೈತಿ ಅಂತ ಹೇಳಿದಿ. ಚಿಮಟಾ ಕೆಳಗ ಹಾಕೀದಿ. ನಿನ್ನ ಮಾತು ಖರೇನೋ, ನಿನ್ನ ಹಲಗಿ ಖರೇನೋ?”

ಮಾತೇ ಸರಿ ಎಂದರೆ ಉಪಕರಣ ತಪ್ಪಾಗುತ್ತಿತ್ತು. ಹಲಗೆ ಸರಿ ಎಂದರೆ ನಾನು ತಪ್ಪು ಹೇಳಿದೆನೆಂದು ಮೂವರ ಮುಂದೆ ಒಪ್ಪಿದಂತಾಗುತ್ತಿತ್ತು. ಸರಿಯಾಗಿ ಮಾತಾಡುವುದೊಂದನ್ನೇ ನಂಬಿಕೊಂಡು ಅಲ್ಲಿಯವರೆಗೆ ಬಂದವಳು ನಾನು. ಕಿಟಕಿಯಿಂದ ಬೇವಿನ ಕಟ್ಟೆ ಕಾಣುತ್ತಿತ್ತು. ಅವ್ವ ಯಾರನ್ನೂ ನೋಡದೆ, ಹಲಗೆ ಸುತ್ತಿ ತಂದಿದ್ದ ಸೀರೆಯನ್ನು ಮಡಚುತ್ತಿದ್ದಳು.

“ಹಲಗಿ ಖರೇ ಐತ್ರಿ,” ಎಂದೆ. ನಮ್ಮ ಮನೆಯ ಮಾತು ಆ ಕೊಠಡಿಯಲ್ಲಿ ನನ್ನ ಬಾಯಿಂದ ಬಂದದ್ದು ಅದೇ ಮೊದಲು.

ಆಮೇಲೆ ಪುಟಗಳನ್ನು ಮೇಜಿನ ಮೇಲಿಟ್ಟು ಹೇಳತೊಡಗಿದೆ. ನನ್ನ ಮೊದಲ ವಾಕ್ಯ ತಪ್ಪೆಂದು ಹೇಳಿದೆ. ಚಿಮಟಗಳನ್ನು ಮೊದಲು ಮೇಲೆ ಹಾಕಿದ್ದನ್ನೂ ಅವ್ವ ಕೆಳಗೆ ತಂದದ್ದನ್ನೂ ಹೇಳಿದೆ. ಬಾವಿ, ಕಾಲುವೆ, ಮಡಿ, ಸಲಿಕೆ ಎಲ್ಲವೂ ಬಂದವು. ಮಡಿಯಲ್ಲಿ ನಿಂತವಳು ಬಾಯಿ ತೆರೆಯುವಂತೆ, ದುಡಿಯುವ ಜೀವಕೋಶಗಳು ತಮ್ಮ ಪಕ್ಕದ ನಾಳವನ್ನು ತಾವೇ ಸಡಿಲಿಸಿಕೊಳ್ಳುತ್ತವೆ ಎಂದೆ. ಎಲ್ಲ ಬಾಯಿಗಳನ್ನೂ ಒಮ್ಮೆಗೇ ತೆರೆದರೆ ಏನಾಗುತ್ತದೆಂದು ತೋರಿಸಲು ಒಬ್ಬ ವಿದ್ಯಾರ್ಥಿನಿಯನ್ನು ಕರೆದೆ. ಅವಳೂ ನಾನೂ ನಾಲ್ಕು ಚಿಮಟಗಳನ್ನು ಕೂಡಿಯೇ ಒತ್ತಿದೆವು. ನಾಲ್ಕರಲ್ಲೂ ನೀರು ಸಣ್ಣದಾಯಿತು. ತೊರವಿಯಿಂದ ಬರುತ್ತಿದ್ದ ಆ ಹುಡುಗಿ, ತಮ್ಮ ತೋಟದಲ್ಲಿ ಹಾಗೆ ಮಾಡಿದರೆ ಅಜ್ಜಿ ಬೈಯುತ್ತಾಳೆಂದಳು. ಎಲ್ಲರೂ ನಕ್ಕರು. ಪ್ರಾಂಶುಪಾಲರೂ ನಕ್ಕರು.

ವೈದ್ಯರು ಕೊನೆಗೆ ಇನ್ನೊಂದು ಪ್ರಶ್ನೆ ಕೇಳಿದರು. ಜೀವಕೋಶ ಹಸಿದು ಸೋತ ಮೇಲೆ ರಕ್ತವನ್ನು ಕರೆಯುತ್ತದೆಯೋ, ಸೋಲುವ ಮೊದಲೇ ಕರೆಯುತ್ತದೆಯೋ? ಪುಸ್ತಕದ ಟಿಪ್ಪಣಿಯ ಪ್ರಕಾರ ಇಂಗಾಲಾಮ್ಲದಂಥ ದುಡಿಮೆಯ ಕಸವೇ ರಕ್ತಕ್ಕೆ ಕರೆ. ಎಂದರೆ ದುಡಿದ ಮೇಲೆ. ನಾನು ಅದನ್ನು ಹೇಳಿದೆ. ಹೇಳಿದ ಮೇಲೆ, ನನಗೆ ಇದು ಖಚಿತವಾಗಿ ಗೊತ್ತಿಲ್ಲ, ಆದರೆ ಎಲೆ ಬಾಡುವವರೆಗೆ ಕಾಯುವವಳು ನೀರು ತಿರುವುವವಳಲ್ಲ ಎಂದು ನಮ್ಮ ತಾಯಿ ಹೇಳುತ್ತಾರೆ, ಮೆದುಳು ಅವರಿಗಿಂತ ದಡ್ಡತನದಿಂದ ವರ್ತಿಸಲಾರದು ಎಂದು ಸೇರಿಸಿದೆ. ಅವರು ತಮ್ಮ ಕಾಗದದ ಮೇಲೆ ಬಹಳ ಹೊತ್ತು ಬರೆದರು.

ಆ ಪ್ರಶ್ನೆ ನನ್ನನ್ನು ನಿವೃತ್ತಿಯವರೆಗೂ ಬಿಡಲಿಲ್ಲ. ಕಸ ಕೂಡುವುದನ್ನು ಕಾಯದೆ, ಕೆಲಸ ಆರಂಭವಾದೊಡನೆಯೇ ಮೆದುಳಿನ ಕೋಶಗಳು ನಾಳಗಳಿಗೆ ಸಂಕೇತ ಕಳಿಸುತ್ತವೆ ಎಂಬುದನ್ನು ಅನೇಕ ವರ್ಷಗಳ ಬಳಿಕ ಹೊಸ ಪುಸ್ತಕಗಳಲ್ಲಿ ಓದಿದೆ. ನಕ್ಷತ್ರದ ಆಕಾರದ ಇನ್ನೊಂದು ಬಗೆಯ ಕೋಶಗಳು ಒಂದು ಕಾಲನ್ನು ನರಕೋಶದ ಹತ್ತಿರವೂ ಇನ್ನೊಂದನ್ನು ರಕ್ತನಾಳದ ಮೇಲೂ ಊರಿ ನಿಂತು ಈ ಕೆಲಸದಲ್ಲಿ ಪಾಲುಗೊಳ್ಳುತ್ತವೆ ಎಂದೂ ಓದಿದೆ. ಆ ಚಿತ್ರವನ್ನು ನಾನು ತರಗತಿಯಲ್ಲಿ ಬರೆದ ಪ್ರತಿ ಸಲವೂ, ಒಂದು ಕಾಲು ಕಾಲುವೆಯ ದಂಡೆಯಲ್ಲಿ, ಒಂದು ಕಾಲು ಮಡಿಯಲ್ಲಿ ಇಟ್ಟು ನಿಂತವಳು ನನಗೆ ಕಾಣಿಸಿದ್ದಾಳೆ.

ಪಾಠ ಮುಗಿದು ಹೊರಗೆ ಬಂದಾಗ ವೈದ್ಯರು ನನ್ನ ಹಿಂದೆಯೇ ಅಂಗಳಕ್ಕೆ ಇಳಿದರು. ಅವ್ವ ಎದ್ದು ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಅವರು ಕೈ ಮುಗಿದು ಕೇಳಿದರು:

“ಹಲಗಿ ಮ್ಯಾಲಿನ ಚಿಮಟಾ ಜಾಗಾಕ ಹಚ್ಚಿದವರು ನೀವ ಏನ್ರಿ?”

ಅವ್ವ ಒಮ್ಮೆ ನನ್ನ ಮುಖ ನೋಡಿದಳು. ತಾನು ಏನಾದರೂ ಕೆಡಿಸಿದೆನೋ ಎಂದು ಅವಳಿಗೆ ಅನ್ನಿಸಿರಬೇಕು. ನಾನು ತಲೆಯಾಡಿಸಿದೆ.

“ಹೌದ್ರಿ,” ಎಂದಳು. ಆಮೇಲೆ, ಬೇರೆಯವರು ತಾವು ಕಲಿತ ದೊಡ್ಡ ಕಾಲೇಜಿನ ಹೆಸರು ಹೇಳುವ ಹಾಗೆ, ನೆಟ್ಟಗೆ ನಿಂತು ಹೇಳಿದಳು: “ತಿಕೋಟದಾಗ ಕಲತದ್ದರಿ.”

ಮೂರು ವಾರದ ಮೇಲೆ ನೇಮಕದ ಕಾಗದ ಬಂತು. ಮಾವ ಅಂಗಡಿಯಲ್ಲಿದ್ದವರಿಗೆಲ್ಲ ಚಹಾ ಕುಡಿಸಿ, ಹುದ್ದೆಯಲ್ಲಿ ತನ್ನ ರಬ್ಬರಿನ ಪಾಲೂ ಇದೆಯೆಂದು ತಿಳಿಸಿದನಂತೆ. ಕಾಲೇಜಿನ ಕಚೇರಿಯಲ್ಲಿ ಖಾಯಂ ನೌಕರರ ನಮೂನೆಯನ್ನು ಹೊಸದಾಗಿ ತುಂಬಲು ಕೊಟ್ಟರು. ಅದೇ ಎರಡು ಅಂಕಣಗಳು ಅದರಲ್ಲಿಯೂ ಇದ್ದವು. ಈ ಸಲ ನಾನು ಸೀಸದಕಡ್ಡಿ ಬಳಸಲಿಲ್ಲ. ವಿದ್ಯಾಭ್ಯಾಸದ ಕಡೆ ಮತ್ತೆ ‘ಇಲ್ಲ’ ಎಂದೇ ಬರೆದೆ. ನಮೂನೆ ಕೇಳುತ್ತಿದ್ದುದು ಶಾಲೆಯನ್ನು, ಸುಳ್ಳು ಬರೆಯುವಂತಿರಲಿಲ್ಲ. ಉದ್ಯೋಗದ ಕಡೆ ಅವ್ವನ ಮುಂದೆ ‘ಒಕ್ಕಲುತನ, ತೋಟಕ್ಕೆ ನೀರು ತಿರುವುವುದು’ ಎಂದು ಬರೆದೆ. ಅಂಕಣ ಸಣ್ಣದಿತ್ತು. ಕೊನೆಯ ಎರಡು ಪದಗಳು ಗೆರೆ ದಾಟಿ ಅಪ್ಪನ ಸಾಲಿಗೆ ಹೋದವು. ಗುಮಾಸ್ತರು ಅದನ್ನು ಓದಿ, ನನ್ನ ಮುಖ ನೋಡಿ, ಠಸ್ಸೆ ಒತ್ತಿದರು.